ಕ್ರಿಸ್ಟಿನಾಳ ಕೈ

ನಮ್ಮ ಕಡೆ ಯಾರಾದರೂ ಚಿತ್ರ ಚೆನ್ನಾಗಿ ಬರೆದರೆ ಹೇಳುವ ಮಾತು ಒಂದೇ: "ಥೇಟ್ ಫೋಟೋ ಇದ್ದ ಹಾಗಿದೆ ಕಣ್ರೀ!" ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರೆಲ್ಲ ಅಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಚಿತ್ರ ನೋಡಿರುತ್ತೀರಿ. ಅಂಗೈ ಮರೆ ಮಾಡಿದ್ದಾಳೆ, ಬೆರಳ ಸಂದಿಯಲ್ಲಿ ಬೆಳಕು ಕೆಂಪಾಗಿ ಸೋರುತ್ತಿದೆ. ಏಳನೇ ಕ್ಲಾಸಿನ ಟ್ರಿಪ್ಪಿನಲ್ಲಿ ನಾವು ಹುಡುಗರೆಲ್ಲ ಆ ಮಬ್ಬುಗತ್ತಲಲ್ಲಿ ನಿಂತು, ಚಿತ್ರದ ಹಿಂದೆ ಬಲ್ಬು ಇಟ್ಟಿದ್ದಾರೋ ಏನೋ ಎಂದು ಬಗ್ಗಿ ಬಗ್ಗಿ ನೋಡಿದ್ದೆವು. ಅದು ರವಿವರ್ಮನದು ಎಂದು ಆಗ ಯಾರೋ ಹೇಳಿದ್ದು ಎಷ್ಟೋ ವರ್ಷ ತಲೆಯಲ್ಲಿ ಉಳಿದಿತ್ತು. ಅಲ್ಲ, ಅದು ಎಸ್.ಎಲ್. ಹಲ್ದಣಕರ್ ಅವರದು. ಎದುರಿಗೆ ನಿಂತವಳು ಅವರ ಮಗಳು. ಅದಕ್ಕಿಂತ ಆಶ್ಚರ್ಯದ ವಿಷಯವೆಂದರೆ ಅದು ತೈಲವರ್ಣವಲ್ಲ, ಬರೀ ವಾಟರ್ ಕಲರ್. ವಾಟರ್ ಕಲರಿನಲ್ಲಿ ಬೆಳಕೆಂದರೆ ಬಳಿದ ಬಣ್ಣವಲ್ಲ, ಬಳಿಯದೆ ಉಳಿಸಿಕೊಂಡ ಕಾಗದ ಎನ್ನುವುದು ನನಗೆ ಗೊತ್ತಾದದ್ದು ಅಮೆರಿಕಕ್ಕೆ ಬಂದ ಮೇಲೆ, ಬೇರೊಬ್ಬ ಕಲಾವಿದನ ಬೆನ್ನು ಹತ್ತಿದಾಗ.

2007ರ ಬೇಸಿಗೆಯಲ್ಲಿ ಅಮ್ಮ ನ್ಯೂಜೆರ್ಸಿಗೆ ನಮ್ಮ ಮನೆಗೆ ಬಂದಿದ್ದಳು. ಊರಿಂದ ಅಪ್ಪ ಅಮ್ಮ ಬಂದಾಗ ನಾವೆಲ್ಲ ಮಾಡುವ ಪ್ರದಕ್ಷಿಣೆ ನಿಮಗೆ ಗೊತ್ತೇ ಇದೆ: ನಯಾಗರ, ಲಿಬರ್ಟಿ ಪ್ರತಿಮೆ, ಪಿಟ್ಸ್‌ಬರ್ಗ್ ದೇವಸ್ಥಾನ. ನ್ಯೂಯಾರ್ಕಿಗೆ ಹೋದ ದಿನ ಮಳೆ ಬಂತೆಂದು ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿಗೆ ಹೊಕ್ಕೆವು. ಪಿಕಾಸೊ ಮುಂದೆ ನಿಂತು ಅಮ್ಮ ಕೇಳಿದ್ದು ಇಷ್ಟೇ: "ಇದನ್ನ ನೋಡಕ್ಕೆ ಇಪ್ಪತ್ತು ಡಾಲರ್ ಕೊಟ್ಯೇನೋ?" ಮಂಡಿ ನೋವು ಬೇರೆ. ಇನ್ನು ಸಾಕು ಎಂದು ಕೆಳಗೆ ಇಳಿಯಲು ಹೊರಟವಳು, ಜನ ಓಡಾಡುವ ದಾರಿಯ ಗೋಡೆಯ ಮೇಲಿದ್ದ ಒಂದು ಚಿತ್ರದ ಎದುರು ನಿಂತುಬಿಟ್ಟಳು.

ಆಂಡ್ರೂ ವಾಯೆತ್ ಬರೆದ 'ಕ್ರಿಸ್ಟಿನಾಸ್ ವರ್ಲ್ಡ್'. ಕ್ಯಾಲೆಂಡರಿನಲ್ಲೋ ಪೋಸ್ಟರಿನಲ್ಲೋ ನೀವೂ ನೋಡಿರಬಹುದು. ಒಣಗಿದ ಹುಲ್ಲಿನ ದೊಡ್ಡ ಬಯಲು. ಮಾಸಲು ಗುಲಾಬಿ ಬಣ್ಣದ ಲಂಗ ತೊಟ್ಟ ಹೆಣ್ಣೊಬ್ಬಳು ನಮಗೆ ಬೆನ್ನು ಹಾಕಿ ಹುಲ್ಲಿನಲ್ಲಿ ಕೂತಿದ್ದಾಳೆ, ಕೂತಿದ್ದಾಳೋ ಏಳುತ್ತಿದ್ದಾಳೋ ಹೇಳುವುದು ಕಷ್ಟ. ಮೇಲೆ, ದಿಬ್ಬದ ತುದಿಯಲ್ಲಿ, ಬಣ್ಣ ಹೋದ ಹಳೆಯ ಮರದ ಮನೆ. ಅಷ್ಟೇ. ನಾನು ಅಷ್ಟು ದಿನ ಅದನ್ನು ಹೊಲದಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತಿರುವ ಹುಡುಗಿ ಎಂದೇ ತಿಳಿದಿದ್ದೆ.

"ಇವಳು ಹುಡುಗಿ ಅಲ್ಲ ಕಣೋ" ಎಂದಳು ಅಮ್ಮ. "ಕೈ ನೋಡು. ವಯಸ್ಸಾದೋರ ಕೈ ಅದು."

ನೋಡಿದೆ. ಹೌದು. ಬೆನ್ನು ಎಳೆಯದು, ಸೊಂಟ ಎಳೆಯದು. ಆದರೆ ತೋಳು ಕಡ್ಡಿಯಂತೆ ಸಣ್ಣಗಿದೆ, ಮೊಣಕೈ ಗಂಟು ಕಟ್ಟಿದೆ, ನೆಲಕ್ಕೂರಿದ ಬೆರಳುಗಳು ಬಿಗಿದುಕೊಂಡಿವೆ. ಆ ಕೈ ಇಡೀ ಮೈಯ ಭಾರವನ್ನು ಎಳೆಯುತ್ತಿದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ದೊಡ್ಡತ್ತೆ ಹೂ ಕೊಯ್ಯಕ್ಕೆ ಹಿತ್ತಲಿಗೆ ಹೀಗೇ ಹೋಗೋರು" ಎಂದಳು. ನನಗೆ ತಕ್ಷಣ ಮಾತು ಹೊರಡಲಿಲ್ಲ.

ದೊಡ್ಡತ್ತೆ ಎಂದರೆ ನಮ್ಮ ತಂದೆಯ ಅಕ್ಕ. ಹಾಸನ ಜಿಲ್ಲೆಯ ನಮ್ಮ ಊರಿನ ತೊಟ್ಟಿ ಮನೆಯಲ್ಲೇ ಹುಟ್ಟಿ ಅಲ್ಲೇ ತೀರಿಕೊಂಡವರು. ಚಿಕ್ಕಂದಿನಲ್ಲಿ ಜ್ವರ ಬಂದು ಎರಡು ಕಾಲೂ ಸ್ವಾಧೀನ ತಪ್ಪಿದ್ದವು. ನಡುಮನೆಯಿಂದ ಅಡಿಗೆಮನೆಗೆ, ಅಲ್ಲಿಂದ ಹಿತ್ತಲಿಗೆ ಕೈಯೂರಿ ತೆವಳಿಕೊಂಡೇ ಓಡಾಡುತ್ತಿದ್ದರು. ಯಾರಾದರೂ ಎತ್ತಲು ಬಂದರೆ "ಮುಟ್ಟಬೇಡಿ, ನಾನೇ ಬರ್ತೀನಿ" ಎಂದು ಗದರುವರು. ನನಗೆ ಎಂಟೋ ಒಂಬತ್ತೋ ವರ್ಷ ಇದ್ದಾಗ, ಬೇಸಿಗೆ ರಜಕ್ಕೆ ಬಂದಿದ್ದ ಮಕ್ಕಳನ್ನೆಲ್ಲ ನಗಿಸಲು ತೊಟ್ಟಿಯ ಸುತ್ತ ನಾನೂ ಅವರ ಹಾಗೆ ತೆವಳಿ ತೋರಿಸಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ತಲೆಯೆತ್ತಿ ನೋಡಿದರೆ ಬಾಗಿಲ ಹತ್ತಿರ ದೊಡ್ಡತ್ತೆ. ಒಂದು ಮಾತೂ ಆಡಲಿಲ್ಲ. ಅಂದು ರಾತ್ರಿ ಊಟಕ್ಕೆ ಎಂದಿನಂತೆ ನನಗೆ ಕೆನೆಮೊಸರು ಎತ್ತಿಟ್ಟಿದ್ದರು. ಇದನ್ನು ನಾನು ಅಮ್ಮನಿಗೂ ಹೇಳಿರಲಿಲ್ಲ.

ಮ್ಯೂಸಿಯಮ್ಮಿನಿಂದ ಮನೆಗೆ ಬಂದ ಮೇಲೆ ಲೈಬ್ರರಿಯಿಂದ ಪುಸ್ತಕ ತಂದು ಓದಿದೆ. ಕ್ರಿಸ್ಟಿನಾ ಓಲ್ಸನ್ ನಿಜವಾದ ವ್ಯಕ್ತಿ. ಮೇಯ್ನ್ ರಾಜ್ಯದ ಕುಶಿಂಗ್ ಎಂಬ ಸಮುದ್ರ ತೀರದ ಹಳ್ಳಿಯವಳು, 1893ರಲ್ಲಿ ಹುಟ್ಟಿದವಳು. ನರಗಳ ಕಾಯಿಲೆಯಿಂದ ಕಾಲಿನ ಶಕ್ತಿ ಕ್ರಮೇಣ ಹೋಗಿತ್ತು. ಗಾಲಿ ಕುರ್ಚಿ ಬೇಡವೆಂದು ಹಟ ಹಿಡಿದು, ಮನೆಯಲ್ಲೂ ಹೊಲದಲ್ಲೂ ತೆವಳಿಯೇ ಬದುಕಿದಳು. ತಮ್ಮ ಆಲ್ವಾರೊ ಜೊತೆಗಿದ್ದ. 1939ರಲ್ಲಿ, ಮುಂದೆ ವಾಯೆತ್‌ರ ಹೆಂಡತಿಯಾದ ಬೆಟ್ಸಿ, ಅವರನ್ನು ಈ ಮನೆಗೆ ಕರೆತಂದಳು. ಆಗ ವಾಯೆತ್‌ಗೆ ಇಪ್ಪತ್ತೆರಡು. ಅಲ್ಲಿಂದ 1968ರಲ್ಲಿ ಕ್ರಿಸ್ಟಿನಾ ಸಾಯುವ ತನಕ, ಸುಮಾರು ಮೂವತ್ತು ಬೇಸಿಗೆ, ಅವರು ಆ ಮನೆಗೆ ಹೋಗಿ ಬಂದು ಮಾಡಿದರು. ಮಹಡಿಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಒಂದು ದಿನ ಮೇಲಿನ ಕಿಟಕಿಯಿಂದ ನೋಡಿದಾಗ ಕ್ರಿಸ್ಟಿನಾ ಹೊಲದಲ್ಲಿ ತೆವಳುತ್ತಾ ಬರುತ್ತಿದ್ದಳು. ಚಿತ್ರ ಹುಟ್ಟಿದ್ದು ಅಲ್ಲಿ. 1948ರಲ್ಲಿ ಬರೆದು ಮುಗಿಸಿದರು. ಮರುವರ್ಷವೇ ಆ ಮ್ಯೂಸಿಯಂ 1,800 ಡಾಲರಿಗೆ ಅದನ್ನು ಕೊಂಡುಕೊಂಡಿತು.

ಚಿತ್ರ ಬರೆದಾಗ ಕ್ರಿಸ್ಟಿನಾಗೆ 55 ವರ್ಷ. ಕೈ ಮತ್ತು ತೋಳನ್ನು ವಾಯೆತ್ ಅವಳನ್ನು ನೋಡಿಯೇ ಬರೆದುಕೊಂಡಿದ್ದರು. ಬೆನ್ನಿಗೆ ಮಾತ್ರ ಹೆಂಡತಿ ಬೆಟ್ಸಿಯನ್ನು ಕೂರಿಸಿಕೊಂಡರು, ಅವಳಿಗೆ ಆಗ 26. ಅಮ್ಮ ಕನ್ನಡಕ ಸರಿ ಮಾಡಿಕೊಂಡು ಅರ್ಧ ನಿಮಿಷದಲ್ಲಿ ಹಿಡಿದದ್ದು ಇದನ್ನೇ! ಮನೆಯ ವಿಷಯದಲ್ಲೂ ಹಾಗೆಯೇ. ನಿಜವಾದ ಹೊಲ ಅಷ್ಟು ವಿಶಾಲವಿಲ್ಲ. ಕೊಟ್ಟಿಗೆ ಅಲ್ಲಿಲ್ಲ. ಮನೆಯನ್ನು ದೂರ ತಳ್ಳಿ, ನಡುವಿನ ಮರ ಗಿಡ ಎಲ್ಲ ತೆಗೆದುಹಾಕಿ, ತೆವಳುವವರ ಕಣ್ಣಿಗೆ ಆ ದಾರಿ ಎಷ್ಟು ಉದ್ದವೋ ಅಷ್ಟು ಉದ್ದ ಮಾಡಿದ್ದಾರೆ. ಥೇಟ್ ಫೋಟೋದಂತಿದೆ ಎಂದು ನಾವು ಹೊಗಳುವ ಚಿತ್ರದಲ್ಲಿ ಫೋಟೋದಂತೆ ಇರುವುದು ಬಹಳ ಕಡಿಮೆ.

ಇನ್ನು ಆ ಹುಲ್ಲು. ಒಂದೊಂದು ಎಸಳೂ ಬೇರೆ ಬೇರೆ. ಅದು ಹೇಗೆ ಸಾಧ್ಯ ಎಂದು ಹುಡುಕಿದಾಗ ಸಿಕ್ಕಿದ ಉತ್ತರ: ಕೋಳಿ ಮೊಟ್ಟೆ. ವಾಯೆತ್ ತಮ್ಮ ಮುಖ್ಯ ಚಿತ್ರಗಳಿಗೆ ತೈಲವರ್ಣ ಬಳಸುತ್ತಿರಲಿಲ್ಲ, ಎಗ್ ಟೆಂಪರಾ ಬಳಸುತ್ತಿದ್ದರು. ತೈಲವರ್ಣ ಚಾಲ್ತಿಗೆ ಬರುವ ಮುಂಚೆ ಇಟಲಿಯ ಕಲಾವಿದರು ಬಳಸುತ್ತಿದ್ದ ಹಳೆಯ ವಿಧಾನ ಇದು. ವಾಯೆತ್‌ಗೆ ಹೇಳಿಕೊಟ್ಟವರು ಅವರ ಭಾವ, ಕಲಾವಿದ ಪೀಟರ್ ಹರ್ಡ್. ಸೀಮೆಸುಣ್ಣದ ಪುಡಿ ಮತ್ತು ಅಂಟು ಬೆರೆಸಿದ ಗೆಸ್ಸೊ ಎಂಬ ಸರಿಯನ್ನು ಹಲಗೆಗೆ ಪದರ ಪದರವಾಗಿ ಬಳಿದು, ಉಜ್ಜಿ, ದಂತದ ಹಾಗೆ ನುಣುಪು ಮಾಡಬೇಕು. ನಮ್ಮ ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕಿನ ಕೆಳಗೆ ಉಬ್ಬಿಸಲು ಹಾಕುವುದನ್ನೂ ಇಂಗ್ಲಿಷಿನವರು ಗೆಸ್ಸೊ ಎಂದೇ ಕರೆಯುತ್ತಾರೆ, ಆದರೆ ಇದು ಉಬ್ಬುವುದಿಲ್ಲ. ಅದರ ಮೇಲೆ ಬಣ್ಣದ ಪುಡಿ, ನೀರು ಮತ್ತು ಮೊಟ್ಟೆಯ ಹಳದಿ ಕಲಸಿ ಬರೆಯಬೇಕು.

ನಮ್ಮನೆಯ ಅಡಿಗೆಮನೆಯಲ್ಲಿ ಒಂದು ಶನಿವಾರ ಇದರ ಪ್ರಯೋಗವೂ ಆಯಿತು. ಆಗ ಎಂಟು ವರ್ಷದವಳಾಗಿದ್ದ ನನ್ನ ಮಗಳಿಗೆ ಹಬ್ಬ. ಅಮ್ಮ "ಮೊಟ್ಟೇನಾ? ಒಲೆ ಹತ್ತಿರ ತರಬೇಡಿ" ಎಂದು ತನ್ನ ಕಾಫಿ ಲೋಟ ಎತ್ತಿಕೊಂಡು ಆಚೆ ಹೋದಳು. ಹಳದಿಯನ್ನು ಬಿಳಿಯಿಂದ ಬೇರೆ ಮಾಡಿ, ಈ ಅಂಗೈಯಿಂದ ಆ ಅಂಗೈಗೆ ಉರುಳಿಸಿ ಒಣಗಿಸಿ, ಮೇಲಿನ ಪೊರೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಚುಚ್ಚಿದರೆ ಒಳಗಿನದು ಮಾತ್ರ ಬಟ್ಟಲಿಗೆ ಇಳಿಯುತ್ತದೆ. ಮೂರು ಮೊಟ್ಟೆ ಹಾಳಾದವು. ನಾಲ್ಕನೆಯದು ಸರಿ ಬಂತು. ಬಣ್ಣ ಕಲಸಿ ಒಂದು ಗೆರೆ ಎಳೆದೆ, ಪಕ್ಕದಲ್ಲಿ ಇನ್ನೊಂದು ಎಳೆದು ಎರಡನ್ನೂ ತೀಡಿ ಬೆರೆಸೋಣ ಎನ್ನುವಷ್ಟರಲ್ಲಿ ಮೊದಲನೆಯದು ಒಣಗಿಬಿಟ್ಟಿತ್ತು. ಟೆಂಪರಾದ ಗುಟ್ಟು ಇದೇ. ಅದರಲ್ಲಿ ತೀಡಲಾಗುವುದಿಲ್ಲ. ನೆರಳು ಬೇಕಾದರೆ ಕೂದಲೆಳೆಯಂಥ ಗೆರೆಯ ಪಕ್ಕ ಗೆರೆ, ಗೆರೆಯ ಮೇಲೆ ಗೆರೆ ಸಾವಿರಗಟ್ಟಲೆ ಹಾಕುತ್ತಾ ಹೋಗಬೇಕು. ಎಣ್ಣೆಯ ಹೊಳಪು ಇಲ್ಲ, ಒಣಗಿದ ಮಣ್ಣಿನ ಹಾಗೆ ಮಂಕಾಗಿ ಕೂರುತ್ತದೆ. ವಾಯೆತ್‌ಗೆ ಬೇಕಾದದ್ದೂ ಅದೇ ಮಣ್ಣುಬಣ್ಣ: ಕಾವಿ, ಕಂದು, ಒಣಹುಲ್ಲಿನ ಹಳದಿ. ಆಚೆ ಹೋಗಿದ್ದ ಅಮ್ಮ ಯಾವಾಗಲೋ ಬಂದು ಹಿಂದೆ ನಿಂತಿದ್ದಳು. "ಇದು ಬಣ್ಣ ಬಳಿಯೋದಲ್ಲ ಕಣೋ, ಕಸೂತಿ" ಎಂದಳು. ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ನಮ್ಮ ಮನೆಯಿಂದ ಒಂದೂವರೆ ಗಂಟೆ ಡ್ರೈವ್ ಮಾಡಿದರೆ ಪೆನ್ಸಿಲ್ವೇನಿಯಾದ ಚ್ಯಾಡ್ಸ್ ಫೋರ್ಡ್, ವಾಯೆತ್ ಹುಟ್ಟಿದ ಊರು. ಹೊಳೆಯ ಪಕ್ಕದ ಹಳೆಯ ಹಿಟ್ಟಿನ ಗಿರಣಿಯನ್ನೇ 1971ರಲ್ಲಿ ಬ್ರ್ಯಾಂಡಿವೈನ್ ಮ್ಯೂಸಿಯಂ ಮಾಡಿದ್ದಾರೆ. ನೀವು ಆ ಕಡೆ ಇದ್ದರೆ ಖಂಡಿತ ಹೋಗಿ, ಚಳಿಗಾಲದಲ್ಲಿ ಹೋದರೆ ಇನ್ನೂ ಒಳ್ಳೆಯದು. ಎಲೆ ಉದುರಿದ ಮರ, ಕರಗಿ ಉಳಿದ ಹಿಮ, ಹೊರಗೆ ಕಾಣುವುದೂ ಒಳಗೆ ಗೋಡೆಯ ಮೇಲಿರುವುದೂ ಒಂದೇ. ಅಮ್ಮ ಊರಿಗೆ ವಾಪಸು ಹೋದ ಮೇಲೂ ನಾನು ನಾಲ್ಕೈದು ಸಲ ಹೋದೆ. ಮನೆಯವರು "ನಿಮಗೆ ಆ ಒಣಹುಲ್ಲಿನ ಹುಚ್ಚು" ಎನ್ನುವರು.

ವಾಯೆತ್ ಬಾಲ್ಯದಲ್ಲಿ ಬಹಳ ನಿಶ್ಶಕ್ತ ಹುಡುಗ, ಶಾಲೆಗೆ ಹೋದವರಲ್ಲ. ತಂದೆ ಎನ್.ಸಿ. ವಾಯೆತ್ ಕಥೆಪುಸ್ತಕಗಳಿಗೆ ಚಿತ್ರ ಬರೆದು ಹೆಸರು ಮಾಡಿದವರು, 'ಟ್ರೆಷರ್ ಐಲ್ಯಾಂಡ್' ಚಿತ್ರಗಳು ಅವರವೇ. ಮಗನಿಗೆ ಅವರೇ ಗುರು. 1945ರ ಅಕ್ಟೋಬರಿನಲ್ಲಿ ಮನೆಯ ಹತ್ತಿರದ ರೈಲ್ವೆ ಕ್ರಾಸಿಂಗಿನಲ್ಲಿ ಅವರ ಕಾರು ರೈಲಿಗೆ ಸಿಕ್ಕಿ, ಅವರೂ ಪುಟ್ಟ ಮೊಮ್ಮಗನೂ ತೀರಿಕೊಂಡರು. ತಂದೆಯ ಒಂದು ಭಾವಚಿತ್ರವನ್ನೂ ತಾನು ಬರೆಯಲಿಲ್ಲವಲ್ಲ ಎಂಬ ಕೊರಗು ಮಗನನ್ನು ಬಿಡಲಿಲ್ಲ. ಆಮೇಲೆ ಅವರು ಬರೆದದ್ದು 'ವಿಂಟರ್ 1946': ಒಬ್ಬ ಹುಡುಗ ಬೋಳು ಗುಡ್ಡದ ಇಳಿಜಾರಿನಲ್ಲಿ ದಿಕ್ಕುತಪ್ಪಿದವನಂತೆ ಓಡಿ ಬರುತ್ತಿದ್ದಾನೆ. ಆ ಗುಡ್ಡದ ಆಚೆ ಬದಿಯಲ್ಲೇ ಅಪಘಾತ ಆದದ್ದು. ಚಿತ್ರದಲ್ಲಿ ರೈಲಿಲ್ಲ, ಅಪ್ಪನೂ ಇಲ್ಲ, ಬರೀ ಹುಲ್ಲು. ಹುಡುಗನ ಒಂದು ಕೈ ಗಾಳಿಯಲ್ಲಿ ಸುಮ್ಮನೆ ತೇಲುತ್ತಿದೆ.

ಹೀಗೆ ತೆಗೆದುಹಾಕುವುದರಲ್ಲಿ ವಾಯೆತ್‌ರನ್ನು ಮೀರಿಸಿದವರು ಕಡಿಮೆ. ಫಿಲಡೆಲ್ಫಿಯಾ ಮ್ಯೂಸಿಯಮ್ಮಿನವರು ಕೊಂಡುಕೊಂಡ 'ಗ್ರೌಂಡ್‌ಹಾಗ್ ಡೇ' ಎಂಬ 1959ರ ಚಿತ್ರ ನೋಡಿ. ಪಕ್ಕದ ಕರ್ನರ್ ಎಂಬ ಜರ್ಮನ್ ರೈತನ ಅಡಿಗೆಮನೆ. ಬಿಳಿ ಮೇಜುಬಟ್ಟೆ, ಒಂದು ತಟ್ಟೆ, ಕಪ್ಪು ಬಸಿ, ಒಂದು ಚಾಕು, ಗೋಡೆಯ ಮೇಲೆ ಚಳಿಗಾಲದ ಬಿಸಿಲು. ಕಿಟಕಿಯಾಚೆ ಕಡಿದು ಹಾಕಿದ ಮರದ ದಿಮ್ಮಿ. ಮೊದಲ ಸ್ಕೆಚ್ಚುಗಳಲ್ಲಿ ಆ ಮನೆಯಾಕೆ ಇದ್ದಳು, ನಾಯಿಯೂ ಇತ್ತು. ಬರೆಯುತ್ತಾ ಬರೆಯುತ್ತಾ ಆಕೆ ಹೋದಳು, ನಾಯಿಯೂ ಹೋಯಿತು. ನಾಯಿಯ ಕ್ರೌರ್ಯ ಮಾತ್ರ ದಿಮ್ಮಿಯ ಸೀಳಿದ ಹಲ್ಲುಗಳಲ್ಲಿ ಉಳಿದುಕೊಂಡಿತು. ಈ ಕತೆ ಗೊತ್ತಿಲ್ಲದವರಿಗೂ ಆ ಶಾಂತವಾದ ಅಡಿಗೆಮನೆಯಲ್ಲಿ ಏನೋ ಹೆದರಿಕೆ ಕಾಣುತ್ತದೆ.

ಬಹಳ ವಿಮರ್ಶಕರು ವಾಯೆತ್‌ರನ್ನು ಒಪ್ಪುವುದಿಲ್ಲ ಎನ್ನುವುದನ್ನೂ ಹೇಳಬೇಕು. ಅಮೆರಿಕದ ಕಲಾಲೋಕವೆಲ್ಲ ಅಮೂರ್ತದ ಕಡೆ ಹೊರಳಿದ್ದಾಗ ಈತ ಕೊಟ್ಟಿಗೆ, ಬಕೆಟ್ಟು, ಹುಲ್ಲು ಬರೆಯುತ್ತಾ ಕೂತರು. ಭಾವುಕ, ಕ್ಯಾಲೆಂಡರ್ ಕಲಾವಿದ ಎಂದು ಜರೆದರು. ಹೆಲ್ಗಾ ಎಂಬ ನೆರೆಹೊರೆಯ ಹೆಂಗಸಿನ ಇನ್ನೂರ ನಲವತ್ತಕ್ಕೂ ಹೆಚ್ಚು ಚಿತ್ರಗಳನ್ನು ಹದಿನೈದು ವರ್ಷ ಗುಟ್ಟಾಗಿ ಬರೆದಿದ್ದು 1986ರಲ್ಲಿ ಹೊರಬಂದಾಗ ಆದ ಗಲಾಟೆಯೂ ಅವರ ಹೆಸರಿಗೆ ಒಳ್ಳೆಯದೇನೂ ಮಾಡಲಿಲ್ಲ. ಕೊನೆಯ ವರ್ಷಗಳ ಕೆಲವು ಚಿತ್ರಗಳು ನನಗೂ ಅಷ್ಟು ಹಿಡಿಸುವುದಿಲ್ಲ. ಆದರೆ ಅವರ ವಾಟರ್ ಕಲರುಗಳನ್ನು ನೋಡಿದರೆ ಕ್ಯಾಲೆಂಡರ್ ಎನ್ನಲು ಬಾಯಿ ಬರುವುದಿಲ್ಲ. ಕೆಲವು ಐದೇ ನಿಮಿಷದಲ್ಲಿ ಎರಚಿದಂತಿವೆ, ಕಾಗದ ಗೀರಿದ್ದಾರೆ, ಹನಿ ಬಿದ್ದದ್ದನ್ನು ಹಾಗೇ ಬಿಟ್ಟಿದ್ದಾರೆ. ಅದಕ್ಕೂ ಟೆಂಪರಾಗೂ ನಡುವಿನದು ಡ್ರೈಬ್ರಶ್. ಕುಂಚದ ನೀರನ್ನೆಲ್ಲ ಬೆರಳಿನಿಂದ ಹಿಂಡಿ, ಕೂದಲು ಬಿಚ್ಚಿಕೊಂಡಾಗ ಒಣ ಒಣವಾಗಿ ನೇಯುವುದು. ಪ್ರಾಣಿಯ ತುಪ್ಪುಳ, ಮುಖದ ಸುಕ್ಕು ಇವಕ್ಕೆಲ್ಲ ಅದೇ.

2008ರ ಆಗಸ್ಟಿನಲ್ಲಿ ನಾವು ಮೂವರೂ ಎಂಟು ಗಂಟೆ ಡ್ರೈವ್ ಮಾಡಿಕೊಂಡು ಕುಶಿಂಗಿಗೆ ಹೋದೆವು. ಓಲ್ಸನ್ ಮನೆ ಈಗ ಫಾರ್ನ್ಸ್‌ವರ್ತ್ ಮ್ಯೂಸಿಯಮ್ಮಿನದು. ಆಪಲ್ ಕಂಪನಿಯ ಜಾನ್ ಸ್ಕಲಿ ದಂಪತಿಗಳು 1991ರಲ್ಲಿ ಅದನ್ನು ದಾನ ಕೊಟ್ಟರಂತೆ, ನಮ್ಮ ಸಾಫ್ಟ್‌ವೇರ್ ಮಂದಿಗೆ ಅಷ್ಟಾದರೂ ಪುಣ್ಯ ಬರಲಿ! ಒಳಗೆ ಹೆಚ್ಚೇನಿಲ್ಲ. ಬೋಳು ನೆಲ, ಬಿರುಕು ಬಿಟ್ಟ ಗಾರೆ. ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಹೋದೆ. 1947ರಲ್ಲಿ ಒಂದು ದಿನ ಸೆಕೆಯೆಂದು ವಾಯೆತ್ ಮೇಲೆ ಎಷ್ಟೋ ಕಾಲದಿಂದ ಮುಚ್ಚಿದ್ದ ಒಂದು ಕಿಟಕಿ ತೆಗೆದಾಗ, ಸಮುದ್ರದ ಗಾಳಿಗೆ ಹರಕು ಲೇಸಿನ ಪರದೆ ಒಮ್ಮೆಲೇ ಎದ್ದು ಹಾರಿತು. ಕೈಗೆ ಸಿಕ್ಕ ಕಾಗದದ ಮೇಲೆ ಗೀಚಿಕೊಂಡರು. ಮತ್ತೆ ಅಂಥದೇ ಪಡುವಣ ಗಾಳಿ ಬೀಸಲು ವಾರಗಟ್ಟಲೆ ಕಾದರು. 'ವಿಂಡ್ ಫ್ರಮ್ ದಿ ಸೀ' ಎಂಬ ಆ ಚಿತ್ರ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಪರದೆಯಲ್ಲಿ ಹೆಣೆದ ಪುಟ್ಟ ಹಕ್ಕಿಗಳು, ಅದರ ಮೂಲಕ ಕಾಣುವ ಹೊಲ. ನಾವು ಹೋದ ದಿನ ಗಾಳಿ ಇರಲಿಲ್ಲ.

ಕೆಳಗಿಳಿದು ಹೊಲಕ್ಕೆ ಹೋಗಿ, ಚಿತ್ರದಲ್ಲಿ ಅವಳಿರುವ ಜಾಗ ಇದಿರಬಹುದು ಎಂದು ನಾನು ನಿಂತೆ. ನಿಂತು ನೋಡಿದರೆ ಮನೆ ಇಲ್ಲೇ ಇದೆ, ಒಂದು ನಿಮಿಷದ ನಡಿಗೆ. ಹುಲ್ಲಿನ ಮೇಲೆ ಕೂತೆ. ಮನೆ ಮೇಲಕ್ಕೆ ಹೋಯಿತು. ಹಿಂದೆ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಕೈಯೂರಿ ಮುಂದಕ್ಕೆ ಎಳೆದುಕೊಂಡೆ. ನಾಲ್ಕು ಮಾರು ಹೋಗುವಷ್ಟರಲ್ಲಿ ತೋಳು ನಡುಗಿತು, ಅಂಗೈಗೆ ಕೂಳೆ ಚುಚ್ಚಿತು. ತೊಟ್ಟಿಯ ಸುತ್ತ ತೆವಳಿ ನಗಿಸಿದಾಗ ನನಗೆ ಏನೂ ನೋವಾಗಿರಲಿಲ್ಲ, ಎರಡೂ ಕಾಲು ಗಟ್ಟಿಯಿದ್ದವಲ್ಲ. ಮಗಳು ಓಡಿಬಂದು "ಅಪ್ಪಾ, ಬಿದ್ಯಾ?" ಎಂದಳು. ಹೌದು ಎಂದೆ.

ಮುಂದಿನ ಜನವರಿಯಲ್ಲಿ, 2009ರ 16ನೇ ತಾರೀಖು, ವಾಯೆತ್ ತೀರಿಕೊಂಡರು. 91 ವರ್ಷ. ಓಲ್ಸನ್ ಮನೆಯ ಹತ್ತಿರದ ಸಣ್ಣ ಸ್ಮಶಾನದಲ್ಲಿ, ಕ್ರಿಸ್ಟಿನಾ ಮತ್ತು ಆಲ್ವಾರೊ ಇರುವಲ್ಲೇ, ಅವರನ್ನು ಮಣ್ಣು ಮಾಡಿದ್ದಾರೆ.

ನಮ್ಮ ಮನೆಯಲ್ಲಿ ಒಂದು ದೊಡ್ಡ ಗ್ರೂಪ್ ಫೋಟೋ ಇದೆ. ಚಿಕ್ಕಪ್ಪನ ಮದುವೆ ಆದ ಮಾರನೆಯ ದಿನ ಟೌನಿನಿಂದ ಫೋಟೋದವನನ್ನು ಕರೆಸಿ ಜಗಲಿಯ ಮುಂದೆ ತೆಗೆಸಿದ್ದು. ಮೂವತ್ತೊಂದು ಜನ, ಎಮ್ಮೆ ಕಾಯುವ ಹುಡುಗನೂ ಇದ್ದಾನೆ. ದೊಡ್ಡತ್ತೆ ಇಲ್ಲ. ಹೊಸ ಬೀಗರ ಮುಂದೆ ಬೇಡ ಎಂದು ಯಾರೋ ಹಿರಿಯರು ಹೇಳಿದರಂತೆ. ಅವರದು ಬೇರೆ ಫೋಟೋ ಒಂದೂ ಇಲ್ಲ, ಕೇಳಿಕೇಳಿ ಎಲ್ಲ ಮನೆಗಳಲ್ಲೂ ಹುಡುಕಿಸಿದ್ದಾಯಿತು.

ಹೋದ ವರ್ಷ ಮಗಳು, ಈಗ ಬಾಸ್ಟನ್ನಿನಲ್ಲಿ ಕೆಲಸದಲ್ಲಿದ್ದಾಳೆ, ಬಿಡುವಿನಲ್ಲಿ ಚಿತ್ರ ಬರೆಯುತ್ತಾಳೆ, "ಅಪ್ಪ, ದೊಡ್ಡತ್ತೆಯನ್ನು ನಾನು ಬರೀತೀನಿ, ನೀನು ಹೇಳು" ಎಂದಳು. ಮನೆ ಹೇಳಿದೆ, ತೊಟ್ಟಿ ಹೇಳಿದೆ, ಹಿತ್ತಲ ಬಾಗಿಲಿನಿಂದ ಬೆಳಿಗ್ಗೆ ಬೀಳುತ್ತಿದ್ದ ಬಿಸಿಲು ಹೇಳಿದೆ. ಸೀರೆಯ ಬಣ್ಣ? ಕಂದು ಇರಬೇಕು. ತೆವಳುವಾಗ ಯಾವ ಕೈ ಮೊದಲು ಊರುತ್ತಿದ್ದರು? ನನಗೆ ಗೊತ್ತಿರಲಿಲ್ಲ. ಊರೆಲ್ಲ ನಗುವ ಹಾಗೆ ಅವರ ನಕಲು ಮಾಡಿದವನು ನಾನು!

ಅಮ್ಮನಿಗೆ ಫೋನ್ ಮಾಡಿದೆ. ಈಚೆಗೆ ಅವಳಿಗೆ ನಿನ್ನೆ ಮೊನ್ನೆಯದು ಮರೆಯುತ್ತದೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು.

"ಎಡಗೈ ಕಣೋ. ಬಲಗೈಲಿ ಹೂವಿನ ಬುಟ್ಟಿ ಇರ್ತಿತ್ತಲ್ಲ."